ಎರಡು ವಾಲ್ವಿನ ಎಂಜಿನ್

ಮಲಪ್ರಭೆಯ ದಡದ ಒಂದು ಪುಟ್ಟ ಮಠದಲ್ಲಿ ಅಡಿವೆಪ್ಪಜ್ಜನವರೆಂಬ ಗುರುಗಳಿದ್ದರು. ಶಿವ ಮೆಚ್ಚಿದ ಜೀವ. ಅವರ ಶಿಷ್ಯ ಕಳಕಪ್ಪ, ಮಠಕ್ಕೆ ಬರುವ ಮೊದಲು ಎಂಜಿನ್ ರಿಪೇರಿ ಮಾಡುತ್ತಿದ್ದವನು.

ಮೂರು ವರ್ಷ ಸೇವೆ ಮಾಡಿದ ಮೇಲೆ ಅವನ ಮನಸ್ಸು ಆಚೆ ದಡದ ದೊಡ್ಡ ಮಠದ ಕಡೆ ಹರಿಯಿತು. ಅಲ್ಲಿ ನಾಲ್ವರು ಶಾಸ್ತ್ರಿಗಳು ಪಾಠ ಹೇಳುತ್ತಿದ್ದರು.

ಹೋಗುವ ದಿನ ಬೆಳಿಗ್ಗೆ, ತೋಟಕ್ಕೆ ನೀರೆತ್ತುವ ಹಳೆಯ ಡೀಸೆಲ್ ಎಂಜಿನನ್ನು ಕೊನೆಯ ಸೇವೆಯೆಂದು ಬಿಚ್ಚಿಕೊಂಡು ಕೂತ. ದೋಣಿಗೆ ಇನ್ನೂ ಹೊತ್ತಿತ್ತು.

ಅಜ್ಜನವರು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಅಣಬೆಯಂಥ ಎರಡು ಉಕ್ಕಿನ ತುಂಡುಗಳನ್ನು ಮುಟ್ಟಿ, ಇವೇನೆಂದು ಕೇಳಿದರು.

ವಾಲ್ವ್ ಎಂದ ಕಳಕಪ್ಪ. ಒಂದು ಗಾಳಿ ಒಳಗೆ ಬರುವ ಬಾಗಿಲು, ಇನ್ನೊಂದು ಹೊಗೆ ಹೊರಗೆ ಹೋಗುವ ಬಾಗಿಲು. ಈಗಿನ ಎಂಜಿನುಗಳಲ್ಲಿ ಒಂದೊಂದು ಸಿಲಿಂಡರಿಗೂ ನಾಲ್ಕಿರುತ್ತವೆ, ಬರಲು ಎರಡು, ಹೋಗಲು ಎರಡು. ಎಷ್ಟು ಜೋರಾಗಿ ಓಡಿದರೂ ಉಸಿರು ಕಟ್ಟುವುದಿಲ್ಲ.

“ಹಂಗಾರ ಎಂಟು ಯಾಕ ಇಡಬಾರದು?”

“ಇಡಾಕ ಜಾಗಾ ಬೇಕಲ್ರಿ ಅಜ್ಜಾರ,” ಎಂದು ಶಿಷ್ಯ ನಕ್ಕ.

ನಿಧಾನ ಓಡುವಾಗ ಈ ಎರಡು ಸಾಲದೇ ಎಂದು ಅವರು ಮತ್ತೆ ಕೇಳಿದರು. ಸಾಲುತ್ತವೆ, ನೀರೆತ್ತುವ ಕೆಲಸಕ್ಕೆ ಇವೇ ಧಾರಾಳ ಎಂದ ಅವನು. ಎಳೆಯ ಮಗುವಿನಂತೆ ಅಜ್ಜನವರು ಒಂದೊಂದನ್ನೂ ತಿರುಗಿಸಿ ನೋಡಿದರು.

ಆ ಸಲಿಗೆಯಲ್ಲಿ ಕಳಕಪ್ಪ ಬಾಯಿಬಿಟ್ಟ.

“ಸಿಟ್ಟಾಗಬ್ಯಾಡ್ರಿ ಅಜ್ಜಾರ. ಇಲ್ಲಿ ನನಗ ಒಳಗ ಬರೋ ಬಾಗಿಲಾ ಒಂದ. ಅಲ್ಲಿ ನಾಕು ಅದಾವು.”

“ಖರೇನ ಐತಿ,” ಎಂದರು ಗುರುಗಳು.

ದೋಣಿಯವನು ಹೊಳೆಯಿಂದ ಕೂಗಿದ. ಕಳಕಪ್ಪ ಗಡಿಬಿಡಿಯಿಂದ ಎಲ್ಲ ಜೋಡಿಸಿ, ನಟ್ಟು ಬಿಗಿದು, ಹ್ಯಾಂಡಲ್ ಹಾಕಿ ತಿರುಗಿಸಿದ.

ಹ್ಯಾಂಡಲ್ ಹಗುರಾಗಿ ಗರಗರ ತಿರುಗಿತು. ಎಂಜಿನ್ ಕೆಮ್ಮಲೂ ಇಲ್ಲ.

ಇನ್ನೊಮ್ಮೆ ತಿರುಗಿಸಿದ. ಅಷ್ಟೇ. ಅವನ ಮುಖ ಸಣ್ಣಗಾಯಿತು.

“ಗಾಳಿ ಹೋಗವಲ್ದೇನು?” ಎಂದು ಅಜ್ಜನವರು ಕೇಳಿದರು.

“ಹೊಕ್ಕೈತ್ರಿ. ನಿಲ್ಲವಲ್ದು. ಅವಸರದಾಗ ವಾಲ್ವ್ ಒತ್ತೋ ಸ್ಕ್ರೂ ಹೆಚ್ಚು ಬಿಗಿ ಮಾಡೀನಿ. ವಾಲ್ವ್ ಪೂರಾ ಮುಚ್ಚವಲ್ದು.”

“ಮುಚ್ಚಲಿಲ್ಲಂದ್ರ?”

“ಒಳಗಿನ ಗಾಳಿ ಒತ್ತಿ ಒತ್ತಿ ಕಾಯಬೇಕ್ರಿ. ಕಾದರನ ಉರಿ ಹತ್ತೋದು.”

“ನಾಕು ಇದ್ದಿದ್ರ?”

ಕಳಕಪ್ಪ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡ. “ನಾಕೂ ಮುಚ್ಚಬೇಕ್ರಿ.”

ದೋಣಿಯವನು ಮತ್ತೆ ಕೂಗಿದ. ಶಿಷ್ಯ ಕೈಯಲ್ಲಿದ್ದ ಪಾನಾ ಕೆಳಗಿಟ್ಟು, ಹಾಗಾದರೆ ತಾನು ಹೋಗಬಾರದೇ ಎಂದು ಮೆಲ್ಲಗೆ ಕೇಳಿದ.

ಗುರುಗಳು ಅವನ ಹಣೆಗೆ ವಿಭೂತಿ ಹಚ್ಚಿದರು.

“ಹೋಗಬ್ಯಾಡ ಅನ್ನಂಗಿಲ್ಲಪಾ. ಬಂದ ದಿನಾ ನಿನಗೊಂದು ಮಂತ್ರಾ ಕೊಟ್ಟಿದ್ದೆ. ಅದನ್ನ ಒಳಗಿಟ್ಕೊಂಡು ನೀ ಬಾಗಿಲಾ ಮುಚ್ಚಿದ್ದು ಯಾವತ್ತು, ಅಷ್ಟು ಹೇಳಿ ಹೋಗು.”