ಹೂಂ ಅನ್ನೋಕೆ ಒಬ್ಬರು

"ಬುದ್ಧೀ, ದಿನಾ ಎರಡು ಹೊತ್ತು ಕೂತು ದೇವರ ಹತ್ತಿರ ಮಾತಾಡ್ತೀನಿ. ಆ ಕಡೆಯಿಂದ ಒಂದು ಹೂಂ ಅಂತಲೂ ಬರಲ್ಲ. ಕೇಳಿಸಿಕೊಳ್ಳೋರೇ ಇಲ್ಲ ಅಂದ್ಮೇಲೆ ಮಾತಾಡೋದು ಯಾಕೆ?"

ಹೀಗೆ ಕೇಳಿದವನು ಬಸವಂತ. ಅವನು ಮಠಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗುರುಗಳು ಜಗುಲಿ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸ್ತಿದ್ರು. ಉತ್ತರ ಹೇಳೋಕೆ ಬಾಯಿ ತೆಗೆದ್ರು. ಅಷ್ಟರಲ್ಲಿ ಅಡುಗೆಮನೆಯಿಂದ ಕೊಟ್ರಜ್ಜನ ದನಿ ಬಂತು. ಕೊಟ್ರಜ್ಜ ಮಠದ ಅಡುಗೆಯವನು.

"ಈ ಸಲದ ಬೇಳೆ ಬೇಯೋದೇ ಇಲ್ಲ ಕಣಪ್ಪಾ. ನಮ್ಮೂರಲ್ಲಿ ಒಂದು ಎತ್ತಿತ್ತು. ಅದೂ ಹಿಂಗೇ. ಎಷ್ಟು ಎಬ್ಬಿಸಿದ್ರೂ ಏಳ್ತಿರಲಿಲ್ಲ..."

ಬಸವಂತ ಎದ್ದು ಹೋಗಿ ಅಡುಗೆಮನೆ ಬಾಗಿಲು ಎಳೆದು ಬಂದ.

"ಇಡೀ ದಿನ ಇದೇ ಗೋಳು ಬುದ್ಧೀ. ಜಪಕ್ಕೂ ಬಿಡಲ್ಲ. ನೀವು ಹೇಳಿ."

ಗುರುಗಳು ಮುಚ್ಚಿದ ಬಾಗಿಲನ್ನ ಒಂದು ಸಲ ನೋಡಿದ್ರು. ಆಮೇಲೆ ಕತೆ ಶುರು ಮಾಡಿದ್ರು.

ಒಂದು ಊರು. ಆ ಊರಲ್ಲಿ ಸತ್ತವರನ್ನ ಮಲಗಿಸಿ ಕಳಿಸಲ್ಲ, ಕೂರಿಸಿ ಕಳಿಸ್ತಾರೆ. ಸ್ನಾನ ಮಾಡಿಸಬೇಕು. ಮೈ ಸೆಟೆಯೋ ಮೊದಲು ಕಾಲು ಮಡಿಸಬೇಕು. ಗದ್ದ ಜೋತುಬೀಳದ ಹಾಗೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಯ ಗೂಟಕ್ಕೆ ವಸ್ತ್ರ ಬಿಗಿದು ಬೆನ್ನು ನೆಟ್ಟಗೆ ಮಾಡಬೇಕು. ನೋಡಿದವರಿಗೆ ಯಜಮಾನರು ಪಂಚಾಯ್ತಿಗೆ ಕೂತಿದ್ದಾರೆ ಅನ್ನಿಸಬೇಕು. ಇದು ಮನೆಯವರೇ ಮಾಡಬೇಕಾದ ಕೆಲಸ. ಆದ್ರೆ ಆ ಊರವರಿಗೆ ಹೆಣ ಅಂದ್ರೆ ಹೆದರಿಕೆ. ಅದಕ್ಕೇ ಗಂಡಸರು ಸತ್ತಾಗ ಈ ಕೆಲಸಕ್ಕೆ ಅಂತ ಒಬ್ಬನನ್ನ ಇಟ್ಕೊಂಡಿದ್ರು. ಅವನಿಗೆ ಒಂದು ಹೆಸರಿತ್ತು. ಬಳಸೋರು ಇರಲಿಲ್ಲ. "ಅವನನ್ನ ಕರೀರಿ" ಅಂದ್ರೆ ಸಾಕು, ಯಾರು ಅಂತ ಊರಿಗೆಲ್ಲ ಗೊತ್ತಾಗ್ತಿತ್ತು.

ಕೆಲಸದಲ್ಲಿ ಅವನು ಅಚ್ಚುಕಟ್ಟು. ಒಂದೇ ಒಂದು ಸಲ ಎಡವಟ್ಟಾಗಿತ್ತು. ಒಬ್ಬ ಗೌಡನನ್ನ ಕೂರಿಸಿದ್ದ. ಗೂಟ ಸಡಿಲ ಇತ್ತು. ಭಜನೆ ನಡೀತಿರುವಾಗ ಗೌಡ ನಿಧಾನಕ್ಕೆ ವಾಲಿ, ಪಕ್ಕದಲ್ಲಿದ್ದ ಅಳಿಯನ ಹೆಗಲ ಮೇಲೆ ತಲೆಯಿಟ್ಟ. ಮಾವನಿಗೂ ಅಳಿಯನಿಗೂ ಮಾತು ಬಿಟ್ಟು ಬಹಳ ಕಾಲ ಆಗಿತ್ತು. ಅಳಿಯ ಕೂತಲ್ಲಿಂದ ಅಲ್ಲಾಡಲಿಲ್ಲ. ಕೊನೆಗಾದ್ರೂ ರಾಜಿಯಾದ್ರಲ್ಲ ಅಂತ ಜನ ಕಣ್ಣೊರೆಸಿಕೊಂಡ್ರು. ಭಜನೆ ಮುಗಿದ ಮೇಲೆ ನೋಡಿದ್ರೆ ಅಳಿಯನಿಗೆ ಪ್ರಜ್ಞೆ ತಪ್ಪಿತ್ತು.

ಸಾವಿಲ್ಲದ ದಿನ ಅವನನ್ನ ಬಾ ಅನ್ನೋರು ಯಾರೂ ಇರಲಿಲ್ಲ. ಚಹಾದಂಗಡಿಗೆ ಹೋದ್ರೆ ಮಾತು ನಿಲ್ತಿತ್ತು. ಕಾಯಿಲೆಯವರು ಇರೋ ಮನೆ ಮುಂದೆ ಹಾದುಹೋದ್ರೆ ಒಳಗೆ ಅಗುಳಿ ಬೀಳೋ ಸದ್ದು ಕೇಳ್ತಿತ್ತು. ಒಂದು ದಿನ ಹಾಲಿಗೆ ಹೆಪ್ಪು ಬೇಕಾಗಿ, ಬಟ್ಟಲು ಹಿಡ್ಕೊಂಡು ಪಕ್ಕದ ಮನೆ ಬಾಗಿಲು ತಟ್ಟಿದ. ಆ ಮನೆ ಹೆಂಗಸು ಕದ ಅರ್ಧ ತೆಗೆದಳು. ಇವನನ್ನ ನೋಡಿ, "ನಮ್ಮನೇಲಿ ಎಲ್ಲರೂ ಚೆನ್ನಾಗಿದ್ದೀವಿ!" ಅಂತ ಕೂಗಿ ಕದ ಹಾಕ್ಕೊಂಡಳು.

"ಸಂತೋಷ ಕಣಮ್ಮಾ" ಅಂದ ಅವನು, ಕದಕ್ಕೆ.

ಆಮೇಲೆ ಯಾರ ಮನೆಗೂ ಹೆಪ್ಪು ಕೇಳೋಕೆ ಹೋಗಲಿಲ್ಲ. ಹಾಲನ್ನ ಹಾಲಾಗೇ ಕುಡೀತಿದ್ದ.

ಮನುಷ್ಯ ಅಂದ್ಮೇಲೆ ಎಲ್ಲಾದ್ರೂ ಒಂದು ಕಡೆ ಮಾತಾಡಲೇಬೇಕು. ಅವನು ಬಚ್ಚಲುಮನೆಯಲ್ಲಿ ಮಾತಾಡ್ತಿದ್ದ. ಬಾಗಿಲು ಹಾಕ್ಕೊಂಡು, ಹಂಡೆಯಿಂದ ಬಿಸಿನೀರು ತೋಡಿ ಹಾಕ್ತಾ, ಸತ್ತವರ ಹತ್ತಿರ ಮಾತಾಡ್ತಿದ್ದ. "ಯಜಮಾನ್ರೇ, ಕೈ ಸ್ವಲ್ಪ ಎತ್ತೋಣ" ಅಂತ ಶುರು ಮಾಡೋನು. ಯಾರ ಎಮ್ಮೆ ಕರು ಹಾಕಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲಾ ಹೇಳೋನು. ಕತೆ ಹೇಳೋರು ಮಧ್ಯೆ ಮಧ್ಯೆ ಸ್ವಲ್ಪ ನಿಲ್ಲಿಸ್ತಾರಲ್ಲ, ಕೇಳೋರು ಹೂಂ ಅನ್ನಲಿ ಅಂತ, ಹಾಗೇ ಇವನೂ ನಿಲ್ಲಿಸ್ತಿದ್ದ. ಹೂಂ ಬರ್ತಿರಲಿಲ್ಲ. ಬರಲೂಬಾರದು. ಆದ್ರೂ ಅದಕ್ಕೆ ಅಂತ ಜಾಗ ಬಿಡ್ತಿದ್ದ.

ಅದೇ ಊರಲ್ಲಿ ಒಬ್ಬ ಮುದುಕ ಬಟ್ಟೆ ವ್ಯಾಪಾರಿ. ಮನೆ ತುಂಬಾ ಜನ. ಅಂಗಡಿ ಮಕ್ಕಳ ಕೈಗೆ ಬಂದಿತ್ತು. ಮುದುಕ ಗಲ್ಲಾಪೆಟ್ಟಿಗೆ ಪಕ್ಕ ಕೂತು, ಬಂದ ಗಿರಾಕಿಗಳಿಗೆಲ್ಲ, "ತಗೋಬೇಡಮ್ಮಾ, ಬಣ್ಣ ಬಿಡುತ್ತೆ" ಅಂತಿದ್ದ. ಮಕ್ಕಳು ಅವನನ್ನ ಮನೆಯ ಒಳಕೋಣೆಗೆ ತಂದು ಕೂರಿಸಿದ್ರು. ಊಟ ಹೊತ್ತಿಗೆ ಸರಿಯಾಗಿ ಬರ್ತಿತ್ತು. ತಟ್ಟೆ ಇಡೋರು ಇಟ್ಟು ಹೋಗ್ತಿದ್ರು, ಎತ್ತೋರು ಎತ್ತಿ ಹೋಗ್ತಿದ್ರು. ಮಾತಿಗೆ ಯಾರಿಗೂ ಪುರುಸೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಮುದುಕ ಎಬ್ಬಿಸಿದ್ರೂ ಏಳಲಿಲ್ಲ. ಸೊಸೆ ಮೂಗಿನ ಹತ್ತಿರ ಹತ್ತಿ ಹಿಡಿದು ನೋಡಿದಳು. ಹತ್ತಿ ಅಲ್ಲಾಡಲಿಲ್ಲ. ಹತ್ತಿ ಒದ್ದೆಯಾಗಿತ್ತು ಅನ್ನೋದು ಆಮೇಲೆ ಗೊತ್ತಾಯ್ತು. ಮನೆಯಲ್ಲಿ ಅಳು ಎದ್ದಿತು. ಕುಣಿ ತೋಡೋರಿಗೆ ಹೇಳಿಕಳಿಸಿದ್ರು. ಅವನನ್ನೂ ಕರೆಸಿದ್ರು.

ಅವನು ಮುದುಕನನ್ನ ಬಚ್ಚಲಿಗೆ ಎತ್ಕೊಂಡು ಹೋಗಿ ಬಾಗಿಲು ಹಾಕಿದ. ಕಾಲಿಗೆ ನೀರು ಹಾಕಿದ. ಹೆಪ್ಪು ಕೇಳೋಕೆ ಹೋದ ಕತೆ ಹೇಳೋಕೆ ಶುರು ಮಾಡಿದ.

"ಬಟ್ಟಲು ಹಿಡ್ಕೊಂಡು ಹೋದೆ ಯಜಮಾನ್ರೇ. ಕದ ತಟ್ಟಿದೆ."

ಸ್ವಲ್ಪ ನಿಲ್ಲಿಸಿದ.

"ಹೂಂ" ಅಂತ ಬಂತು.

"ಆಯಮ್ಮ ಕದ ಅರ್ಧ ತೆಗೆದಳು" ಅಂತ ಅವನು ಮುಂದುವರಿಸಿದ. ಆಮೇಲೆ ಏನು ಕೇಳಿಸಿತು ಅನ್ನೋದು ತಲೆಗೆ ಹೋಯ್ತು. ಚೊಂಬು ಕೈಜಾರಿ ಅವನ ಕಾಲ ಮೇಲೇ ಬಿತ್ತು.

"ಯಜಮಾನ್ರೇ... ನೀವು ಸತ್ತಿಲ್ವಾ?"

"ನಂಗೇನು ಗೊತ್ತು? ನೀನೇ ಅಲ್ವಾ ತಿಳಿದವನು?" ಅಂದ ಮುದುಕ, ಕಣ್ಣು ಮುಚ್ಚಿಕೊಂಡೇ. "ಆಯಮ್ಮ ಕದ ತೆಗೆದಳು. ಆಮೇಲೆ?"

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ನೀರು ಹಾಕೋದು ನಿಲ್ಲಿಸ್ತಿದ್ದೆ. ಕತೇನೂ ನಿಲ್ಲಿಸ್ತಿದ್ದೆ. ಬೆನ್ನು ಬಾಕಿ ಇದೆ ನೋಡು."

ಹೊರಗೆ ಸೊಸೆ, "ಮಾವಾ, ಒಂದೇ ಒಂದು ಮಾತಾಡಿ ಮಾವಾ" ಅಂತ ಅಳ್ತಿದ್ದಳು. ಮುದುಕ ಆ ಕಡೆ ಕಿವಿಗೊಟ್ಟ. "ನಿನ್ನೆ ಮಾತಾಡಿದ್ದಕ್ಕೆ ಸುಮ್ನಿರಿ ಅಂದಿದ್ದಳು" ಅಂದ.

ಅವನು ಬೆನ್ನು ತೊಳೆದ. ಕತೆ ಮುಗಿಸಿದ. ಹೊರಗೆ ಬಂದು, "ಯಜಮಾನ್ರು ಬದುಕಿದ್ದಾರೆ" ಅಂದ. ಅಳ್ತಿದ್ದವರು ಓಡಿಹೋದ್ರು. ಕುಣಿ ಅರ್ಧ ಆಗಿದೆ, ನಿಲ್ಲಿಸೋದಾ, ಮುಂದುವರಿಸೋದಾ ಅಂತ ತೋಡೋರು ಆಳು ಕಳಿಸಿ ಕೇಳಿದ್ರು. ದೊಡ್ಡ ಮಗ ಸ್ವಲ್ಪ ಯೋಚನೆ ಮಾಡಿಯೇ ಉತ್ತರ ಹೇಳಿದ.

ಅವನು ಹೊರಡೋವಾಗ ಮುದುಕ, "ನಾಳೆ ಬಾರಪ್ಪಾ" ಅಂದ. ಸಾವಿಲ್ಲದ ಮನೆಗೆ ಅವನನ್ನ ಯಾರಾದ್ರೂ ಬಾ ಅಂದಿದ್ದು ಅದೇ ಮೊದಲು. ಮಾರನೇ ದಿನ ತಲೆ ಬಾಚ್ಕೊಂಡು, ಒಗೆದ ಅಂಗಿ ಹಾಕ್ಕೊಂಡು ಬಂದ. ದೊಡ್ಡ ಮಗ ಬಾಗಿಲಲ್ಲೇ ತಡೆದ.

"ನೀನು ಸುಮ್ಮನೆ ಬಂದು ಕೂತ್ರೆ, ನಿಮ್ಮನೇಲಿ ಯಾರು ಹೋದ್ರು ಅಂತ ಬೀದಿಯವರು ಕೇಳ್ತಾರೆ. ಅಂಗಡಿಗೆ ಗಿರಾಕಿ ಬರಲ್ಲ. ತಪ್ಪು ತಿಳೀಬೇಡ. ಅಂಥ ಸಂದರ್ಭ ಬಂದಾಗ ನಾವೇ ಕರೀತೀವಿ."

ಅವನು ಸರಿ ಸ್ವಾಮಿ ಅಂದು ವಾಪಸ್ ಹೋದ. ಒಳಕೋಣೆಯಲ್ಲಿದ್ದ ಮುದುಕ ಈ ಮಾತನ್ನ ಕೇಳಿಸಿಕೊಂಡ.

ಸ್ವಲ್ಪ ದಿನ ಬಿಟ್ಟು ಮುದುಕ ಮತ್ತೆ ಸತ್ತ. ಈ ಸಲ ಸೊಸೆ ಒಣ ಹತ್ತಿಯನ್ನೇ ಹಿಡಿದಳು. ಆದ್ರೆ ಮುದುಕನಿಗೆ ಬಟ್ಟೆ ಅಳೆಯುವಾಗ ಉಸಿರು ಹಿಡಿದು ಅಭ್ಯಾಸ ಇತ್ತು. ಅವನನ್ನ ಕರೆಸಿದ್ರು. ಅವನು ಬಚ್ಚಲ ಬಾಗಿಲು ಹಾಕಿ, ನೀರು ಹಾಕಿ, ಪೋಸ್ಟ್‌ಮ್ಯಾನಿಗೆ ಕತ್ತೆ ಒದ್ದ ಸುದ್ದಿ ಹೇಳಿ ನಿಲ್ಲಿಸಿದ. ಹೂಂ ಬರಲಿಲ್ಲ. ಇನ್ನಷ್ಟು ಹೇಳಿ ನಿಲ್ಲಿಸಿದ. ಬರಲಿಲ್ಲ. ಅವನು ಚೊಂಬು ಕೆಳಗಿಟ್ಟು ಮುದುಕನ ಮೂಗಿನ ಹತ್ತಿರ ಕಿವಿ ಇಟ್ಟ.

"ಹೂಂ" ಅಂದ ಮುದುಕ. "ಹೆದರಿದ್ಯಾ?"

"ಹೀಗೆಲ್ಲ ಆಟ ಆಡಬಾರದು ಯಜಮಾನ್ರೇ."

"ಮತ್ತೇನು ಮಾಡ್ಲಿ? ನೀನು ಈ ಮನೆಗೆ ಬರಬೇಕು ಅಂದ್ರೆ ನಾನು ಸಾಯಬೇಕು. ತಗೋ." ಮುದುಕ ಪಂಚೆ ಗಂಟಿಂದ ಒಂದು ಪುಟ್ಟ ಮುಚ್ಚಳದ ಡಬ್ಬಿ ತೆಗೆದ. ರಾತ್ರಿ ಊಟದ ಮೊಸರಲ್ಲಿ ಒಂದು ಚಮಚ ಉಳಿಸಿ ಇಟ್ಟಿದ್ದ. "ಹೆಪ್ಪು. ಹಾಲು ಉಗುರುಬೆಚ್ಚಗೆ ಇದ್ದಾಗ ಹಾಕು. ಮೊಸರು ಹೇಗಾಯ್ತು ಅಂತ ಮುಂದಿನ ಸಲ ಬಂದು ಹೇಳು."

ಅವನು ಹೊರಗೆ ಬಂದು, "ಬದುಕಿದ್ದಾರೆ" ಅಂದ. ಈ ಸಲ ಯಾರೂ ಓಡಲಿಲ್ಲ. ಭಜನೆಯವರು ತಾಳ ಚೀಲಕ್ಕೆ ಹಾಕ್ಕೊಂಡು ಹೋದ್ರು.

ಮೊಸರು ಗಟ್ಟಿಯಾಗಿ ಬಂತು. ಅವನು ದಿನಾ ಸಂಜೆ ಅದರಿಂದಲೇ ಮತ್ತೆ ಹೆಪ್ಪು ಹಾಕ್ತಿದ್ದ. ಮುದುಕ ಯಾವಾಗ ಸಾಯ್ತಾನೆ ಅಂತ ಕಾಯ್ತಿದ್ದ. ಹಾಗೆ ಕಾಯೋದು ತಪ್ಪು ಅಂತ ಅವನಿಗೂ ಅನ್ನಿಸ್ತಿತ್ತು. ಆದ್ರೆ ಹೇಳೋಕೆ ಸುದ್ದಿ ಬಹಳ ಸೇರಿತ್ತು.

ಒಂದು ದಿನ ಕರೆ ಬಂತು. ಅವನು ಒಂದು ಬಟ್ಟಲಲ್ಲಿ ಮೊಸರು ತುಂಬಿ, ವಸ್ತ್ರದ ಕೆಳಗೆ ಮುಚ್ಚಿಟ್ಕೊಂಡು ಬಂದ. ಮನೆಯಲ್ಲಿ ಈ ಸಲ ಯಾರೂ ಅಳ್ತಿರಲಿಲ್ಲ. ಗಂಡಸರು ಜಗುಲಿ ಮೇಲೆ ಕಾಫಿ ಕುಡೀತಿದ್ರು. "ಬೇಗ ಮಾತಾಡಿ ಮುಗಿಸಪ್ಪಾ, ಅಂಗಡಿ ತೆಗೀಬೇಕು" ಅಂದ ದೊಡ್ಡ ಮಗ.

ಅವನು ಬಾಗಿಲು ಹಾಕಿದ. ಕಾಲಿಗೆ ನೀರು ಹಾಕಿದ.

"ಮೊಸರು ಗಟ್ಟಿಯಾಗಿ ಬಂದಿದೆ ಯಜಮಾನ್ರೇ. ತಂದಿದ್ದೀನಿ."

ನಿಲ್ಲಿಸಿದ. ಹೂಂ ಬರಲಿಲ್ಲ. ಆಟ ಆಡ್ತಿದ್ದಾರೆ ಅಂದ್ಕೊಂಡ. ಬೆನ್ನಿಗೆ ನೀರು ಹಾಕಿದ. ಬೆನ್ನು ಅವನಿಗೆ ಗೊತ್ತಿದ್ದ ಹಾಗೆ ಇರಲಿಲ್ಲ. ಅವನು ತೊಳೆದ ಉಳಿದೆಲ್ಲರ ಬೆನ್ನಿನ ಹಾಗೆ ಇತ್ತು. ಅವನ ಕೈಗೆ ತಿಳೀತು. ಬಾಯಿಗೆ ತಿಳೀಲಿಲ್ಲ. ಬಾಯಿ ಹೇಳ್ತಾನೇ ಹೋಯ್ತು. ಕತ್ತೆ ಮತ್ತೆ ಯಾರಿಗೆ ಒದೀತು ಅಂತ ಹೇಳಿತು, ಚಹಾದಂಗಡಿಗೆ ಹೊಸ ಬೆಂಚು ಬಂದಿದೆ ಅಂತ ಹೇಳಿತು. ಸೇರಿಸಿಟ್ಟಿದ್ದೆಲ್ಲ ಹೇಳಿ, ಒಂದೊಂದು ಮಾತಿಗೂ ನಿಲ್ಲಿಸಿ ಕಾದ. ಹಂಡೆಯ ನೀರು ತಣ್ಣಗಾಯ್ತು.

ಬಹಳ ಹೊತ್ತಾಯ್ತು ಅಂತ ಮಕ್ಕಳು ಬಾಗಿಲು ತಳ್ಳಿ ನೋಡಿದ್ರು. ಮುದುಕನನ್ನ ಮಡಿ ಉಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ನೆಟ್ಟಗೆ ಕೂರಿಸಿದ್ದ. ಎದುರಿಗೆ ಮೊಸರಿನ ಬಟ್ಟಲು ಇತ್ತು. ಅವನು ನೆಲದ ಮೇಲೆ ಕೂತು ಹೆಪ್ಪಿನ ಕತೆಯನ್ನ ಮೊದಲಿಂದ ಹೇಳ್ತಿದ್ದ. ಒಂದು ಮಾತು ಹೇಳೋನು, ನಿಲ್ಲಿಸೋನು, ತಾನೇ ಹೂಂ ಅನ್ನೋನು.

"ಏನಂತೆ? ಬದುಕಿದ್ದಾರಾ?" ಅಂತ ಹೊರಗಿಂದ ಯಾರೋ ಕೇಳಿದ್ರು.

ಅವತ್ತು ಆ ಮನೆಯಲ್ಲಿ ಮೊದಲು ಅತ್ತವನು ಅವನು. ಅದು ಅವನ ಕೆಲಸ ಆಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಹುಣಸೆಹಣ್ಣಿಗೆ ಕೈ ಹಾಕಿದ್ರು.

"ಹೂಂ. ಆಮೇಲೆ?" ಅಂದ ಬಸವಂತ.

"ಆಮೇಲೆ ಏನೂ ಇಲ್ಲ."

"ಹಾಗಾದ್ರೆ ನನ್ನ ಪ್ರಶ್ನೆ, ಬುದ್ಧೀ? ದೇವರು ಕೇಳಿಸಿಕೊಳ್ತಾನೋ ಇಲ್ವೋ?"

ಮುಚ್ಚಿದ ಬಾಗಿಲ ಹಿಂದೆ ಕೊಟ್ರಜ್ಜ ಇನ್ನೂ ಆ ಎತ್ತಿನ ಕತೆಯನ್ನೇ ಹೇಳ್ತಿದ್ದ. ಒಂದು ಮಾತು ಹೇಳೋನು, ಸ್ವಲ್ಪ ನಿಲ್ಲಿಸೋನು, ಮತ್ತೆ ಮುಂದುವರಿಸೋನು. ಬಸವಂತನಿಗೆ ಆ ನಿಲ್ಲಿಸೋದು ಅವತ್ತೇ ಮೊದಲು ಕೇಳಿಸಿತು.

"ಹೋಗಿ ಮೊದಲು ಆ ಬಾಗಿಲು ತೆಗೆಯಪ್ಪಾ" ಅಂದ್ರು ಗುರುಗಳು.