ಕೊಂಬು ಊದದೆ ಬಿಟ್ಟವರು

"ಬುದ್ಧಿ, ಹಗೆಯಿಲ್ಲದೆ, ಹಸಿವಿಲ್ಲದೆ, ಒಬ್ಬರಾದ ಮೇಲೆ ಒಬ್ಬರನ್ನು ಕೊಲ್ಲುತ್ತಾ ಹೋಗುವ ಮನುಷ್ಯನನ್ನು ಒಳಗಿನಿಂದ ನೂಕುವುದು ಯಾವುದು?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಸಿದ್ಧವೀರ. ಮಠದ ದಾಸೋಹದಲ್ಲಿ ಎಲೆ ಹಾಕಿ ಬಡಿಸುವ ಕೆಲಸ ಅವನದು. ಮಧ್ಯಾಹ್ನದ ಪಂಕ್ತಿ ಆಗತಾನೆ ಎದ್ದಿತ್ತು. ಮೂರು ದಿನದಿಂದ, ದಿನದ ಲೆಕ್ಕದಂತೆ ಹಾಕಿದ ಸಾಲಿನ ಕೊನೆಯಲ್ಲಿ ಯಾರೂ ಕೂರದೆ ಒಂದು ಬಾಳೆಎಲೆ ಉಳಿಯುತ್ತಿತ್ತು. ಇವತ್ತೂ ಉಳಿದಿತ್ತು. ಅದನ್ನು ಮಡಿಚಿ ಹಸುವಿನ ಮುಂದೆ ಹಾಕಿ, ಕೈ ತೊಳೆದು ನೇರ ಗುರುಗಳ ಬಳಿಗೆ ಬಂದಿದ್ದ. ಕೂತರೂ ಅವನ ಕೈ ಸುಮ್ಮನಿರಲಿಲ್ಲ. ಹೆಗಲ ಮೇಲಿನ ವಸ್ತ್ರದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

ಪಕ್ಕದ ಪೇಟೆಯಲ್ಲಿ ಒಂಬತ್ತು ಜನರನ್ನು ಕೊಂದ ಒಬ್ಬ ಎಂಟು ದಿನದ ಹಿಂದೆ ಸಿಕ್ಕಿಬಿದ್ದಿದ್ದ. ಆ ಸುದ್ದಿ ಗುರುಗಳ ಕಿವಿಗೂ ಬಿದ್ದಿತ್ತು.

"ಅವನು ಹೋದ ವರ್ಷ ನಮ್ಮ ಪಂಕ್ತಿಯಲ್ಲಿ ಉಂಡಿದ್ದ, ಬುದ್ಧಿ. ನಾನೇ ಬಡಿಸಿದ್ದು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡು, ರುಚಿಯಾಗಿದೆ ಅಯ್ಯನೋರೆ ಅಂದಿದ್ದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಈಗ ಎಂಟು ದಿನದಿಂದ ಬಡಿಸುವಾಗ ಒಬ್ಬೊಬ್ಬರ ಮುಖವನ್ನೂ ನೋಡುತ್ತೇನೆ. ಇವನೋ, ಅವನೋ ಎನಿಸಿ ಸೌಟು ಅರ್ಧದಲ್ಲೇ ನಿಲ್ಲುತ್ತದೆ. ಕಾರಣ ತಿಳಿದರೆ ಗುರುತು ತಿಳಿಯುತ್ತದೆ. ಗುರುತು ಹೇಳಿಕೊಡಿ. ಇಲ್ಲವಾದರೆ ಈ ಸೌಟನ್ನು ಬೇರೆ ಯಾರಿಗಾದರೂ ಕೊಡಿ."

ಗುರುಗಳು ಗದರಿದರು. "ಮುಖ ನೋಡಿ ಮಣೆ ಹಾಕುವುದನ್ನು ಬಿಡಲಿಕ್ಕೆಂದೇ ನೀನು ಮಠಕ್ಕೆ ಬಂದವನು. ಈಗ ಮುಖ ನೋಡಿ ಸಾರು ಹಾಕುತ್ತೀಯಾ? ಆ ವಸ್ತ್ರ ಬಿಡು, ಹರಿದೀತು. ಒಂದು ಕತೆ ಇದೆ, ಕೇಳು."

ಒಂದು ಕಾಡು. ಕಾಡಿನ ಈ ಬದಿಗೆ ಒಂದು ಊರು, ಆ ಬದಿಗೆ ಒಂದು ಊರು. ನಡುವೆ ಒಂದೇ ಕಾಲುದಾರಿ. ದಾರಿ ಬೆಟ್ಟವನ್ನು ಸುತ್ತಿ ಸುತ್ತಿ ಹೋಗುತ್ತಿದ್ದುದರಿಂದ ನಡೆಯುವವನಿಗೆ ದೂರ. ಕಣಿವೆ ದಾಟಿ ಹೋಗುವ ದನಿಗೆ ಹತ್ತಿರ. ಆದ್ದರಿಂದ ಹಿಂದಿನವರು ಒಂದು ಪದ್ಧತಿ ಮಾಡಿದ್ದರು. ಈ ಊರಿನ ಅಂಚಿನಲ್ಲಿ ಒಬ್ಬ ಕೊಂಬಿನವ, ಆ ಊರಿನ ಅಂಚಿನಲ್ಲಿ ಇನ್ನೊಬ್ಬ. ಯಾರಾದರೂ ಕಾಡು ಹೊಕ್ಕರೆ ಇವನು ಒಂದು ಸಲ ಊದಬೇಕು. ಹೊಕ್ಕವನು ಆಚೆ ಹೊರಬಿದ್ದಾಗ ಅಲ್ಲಿನ ಕೊಂಬಿನವ ತಿರುಗಿ ಊದಬೇಕು. ದನ ಮನೆಗೆ ಬರುವ ಹೊತ್ತಾದರೂ ಮರುಕೊಂಬು ಕೇಳಿಸದಿದ್ದರೆ ಎರಡೂ ಊರಿನವರು ದೊಣ್ಣೆ ಹಿಡಿದು ಕಾಡಿಗೆ ನುಗ್ಗಬೇಕು.

ಕಾಡಿನೊಳಗೆ ಒಂದು ಹರದಾರಿ ನಡೆದರೆ ಒಂದು ಅರವಟ್ಟಿಗೆ. ಅಲ್ಲಿ ಒಬ್ಬ ಮನುಷ್ಯ ಒಂಟಿಯಾಗಿದ್ದು ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುತ್ತಿದ್ದ. ಕೊಂಬು ಕೇಳಿಸಿದರೆ ಯಾರೋ ಬರುತ್ತಿದ್ದಾರೆಂದು ಮಜ್ಜಿಗೆ ಕಲಸಿ ಇಡುತ್ತಿದ್ದ.

ಈ ಬದಿಯ ಕೊಂಬಿನವನ ಹೆಸರು ಚೌಡ. ಊದಿಸಿಕೊಂಡವರು ಅವನಿಗೆ ಒಂದು ಹಿಡಿ ರಾಗಿ ಕೊಡುತ್ತಿದ್ದರು. ಅವನ ಮನೆ ನಡೆಯುತ್ತಿದ್ದುದೇ ಅದರಲ್ಲಿ. ಇನ್ನು ರಾಗಿ ಇಲ್ಲದವರು ಇದ್ದೇ ಇದ್ದರಲ್ಲ. ಬೇಡಿ ತಿನ್ನುವ ಮುದುಕ, ಬುದ್ಧಿ ಕೆಟ್ಟು ಅಲೆಯುವವಳು, ಗಂಡನ ಮನೆಯವರು ಹೊರಗೆ ಹಾಕಿದವಳು. ಇವರಿಗೆ ಊದಬೇಡ ಎಂದು ಯಾರೂ ಹೇಳಿರಲಿಲ್ಲ. ಚೌಡನ ಅಪ್ಪ ಊದುತ್ತಿರಲಿಲ್ಲ, ಚೌಡನೂ ಊದಲಿಲ್ಲ. "ಮರುಕೊಂಬಿಗೆ ಕಿವಿಗೊಟ್ಟು ಕೂರಲು ಅವರಿಗೆ ಯಾರಿದ್ದಾರೆ?" ಎನ್ನುತ್ತಿದ್ದ. ಕೆಟ್ಟ ಮನುಷ್ಯನೇನಲ್ಲ. ನಿನ್ನ ಹಾಗೆ, ನನ್ನ ಹಾಗೆ.

ಒಂದು ದಿನ ಒಬ್ಬ ಬಳೆಗಾರ ಬಂದ. ಚೌಡ ಊಟಕ್ಕೆ ಕೂತಿದ್ದ. ಬಳೆಗಾರ ರಾಗಿಯನ್ನು ಅವನ ಹೆಂಡತಿಯ ಮೊರಕ್ಕೆ ಸುರಿದು, "ಊದೋಕೆ ಹೇಳಮ್ಮ" ಎಂದು ಬಳೆಗಳ ಮಲಾರ ಹೊತ್ತು ಕಾಡು ಹೊಕ್ಕ. ಚೌಡ ಉಂಡ, ಎಲೆಅಡಿಕೆ ಹಾಕಿದ, ಗೋಡೆಗೆ ಒರಗಿದವನಿಗೆ ಜೊಂಪು ಹತ್ತಿತು. ಎಚ್ಚರವಾದಾಗ, ಅಯ್ಯೋ ಬಳೆಗಾರನಿಗೆ ಊದಲಿಲ್ಲವಲ್ಲ ಎಂದು ಎದ್ದು ಊದಿದ.

ದನ ಮನೆಗೆ ಬಂದವು. ಮರುಕೊಂಬು ಬರಲಿಲ್ಲ.

ಊರು ಕಾಡಿಗೆ ನುಗ್ಗಿತು. ಅರವಟ್ಟಿಗೆಯ ಮುಂದೆ ಬಳೆ ಚೂರು ಬಿದ್ದಿದ್ದವು. ಹಿಂದೆ ಹೊಸ ಮಣ್ಣು. ಕೆದಕಿದರೆ ಬಳೆಗಾರ. ಅವನ ಪಕ್ಕ ಹಳೆಯ ಮಣ್ಣು ಕೆದಕಿದರೆ ಇನ್ನೂ ಏಳು ಜನ. ಅರವಟ್ಟಿಗೆಯವನು ಓಡಲಿಲ್ಲ. ಬಂದವರನ್ನು ನೋಡಿ, "ನೀರು ಬೇಕಾ?" ಎಂದು ಕೇಳಿದ.

ಸೀಮೆಯ ದೊರೆ ಸಭೆ ಕರೆದ. ಕೊಂದವನಿಗೆ ಗಲ್ಲು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ದೊರೆಗೂ ನಿನ್ನಂತೆಯೇ ಕಾರಣ ಬೇಕಾಗಿತ್ತು. ಕಾರಣ ತಿಳಿದರೆ ಬೇರಿನಲ್ಲೇ ಕಿತ್ತುಹಾಕಬಹುದು ಎಂದುಕೊಂಡ. ಬಲ್ಲವರನ್ನು ಕರೆಸಿದ.

ಮೊದಲಿಗೆ, ಮೈಮುಖದ ಲಕ್ಷಣ ನೋಡಿ ಗುಣ ಹೇಳುವ ಸಾಮುದ್ರಿಕದವನು ಎದ್ದ. ಕೂಡಿದ ಹುಬ್ಬು, ಮುದುಡಿದ ಕಿವಿ, ಇದು ಹುಟ್ಟುಗುಣ, ರಕ್ತದಲ್ಲೇ ಇದೆ ಎಂದ. ನೂಲಿನಂತೆ ಸೀರೆ ಎಂದ. ಕೊಲೆಗಾರನಿಗೆ ಒಬ್ಬ ತಮ್ಮನಿದ್ದ, ಊರಿನಲ್ಲಿ ಚಾಪೆ ಹೆಣೆದುಕೊಂಡಿದ್ದವನು. ಅವನನ್ನು ಸಭೆಗೆ ಎಳೆತಂದರು. ಅದೇ ಕಿವಿ. ಅವನ ತೋಳಿನಲ್ಲಿ ಆರು ತಿಂಗಳ ಕೂಸು. ಸಾಮುದ್ರಿಕದವನು ಕೂಸಿನ ಕುಲಾವಿ ಸರಿಸಿ ತೋರಿಸಿದ. ಅದೇ ಕಿವಿ. "ಇಬ್ಬರ ಹಣೆಗೂ ಬರೆ ಹಾಕಿ ಗಡಿಯಾಚೆ ಅಟ್ಟಬೇಕು. ನೋಡಿದವರು ದೂರ ಸರಿಯುತ್ತಾರೆ," ಎಂದ.

ಪಾಠಶಾಲೆಯ ಮೇಷ್ಟ್ರು ಒಪ್ಪಲಿಲ್ಲ. ಕೊಂದವನನ್ನು ಅವನ ಅಪ್ಪ ಎತ್ತಿನ ಹಗ್ಗದಲ್ಲಿ ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದ, ಎಳೆಯದರಲ್ಲಿ ಸೊಟ್ಟ ಬಗ್ಗಿಸಿದ ಗಿಡ ಮರವಾದ ಮೇಲೆ ನೆಟ್ಟಗಾಗುತ್ತದೆಯೇ ಎಂದರು. ತಮ್ಮನೂ ಅದೇ ಹಗ್ಗದಲ್ಲಿ ಹೊಡೆತ ತಿಂದವನು, ಅವನೇಕೆ ಕೊಲ್ಲಲಿಲ್ಲ ಎಂದು ಸಾಮುದ್ರಿಕದವನು ಕೇಳಿದ. ತಮ್ಮನಿಗೂ ಅದೇ ಕಿವಿ, ಅವನೇಕೆ ಕೊಲ್ಲಲಿಲ್ಲ ಎಂದು ಮೇಷ್ಟ್ರು ತಿರುಗಿ ಕೇಳಿದರು. ನಡುವೆ ವೈದ್ಯನೊಬ್ಬ ಬಾಯಿ ಹಾಕಿ, ಕೊಂದವನು ಹುಡುಗನಾಗಿದ್ದಾಗ ಮರದಿಂದ ತಲೆಕೆಳಗಾಗಿ ಬಿದ್ದಿದ್ದನ್ನು ನೆನಪಿಸಿದ. ಕಾಡಿನಲ್ಲಿ ಒಂಟಿ ಬಿಟ್ಟರೆ ಯಾರಾದರೂ ಮೃಗವಾಗುತ್ತಾರೆ ಎಂದು ಮತ್ತೊಬ್ಬ. ಎಲ್ಲಕ್ಕೂ ಕಾರಣ ಚಟ, ಒಂದು ಸಲ ರುಚಿ ಕಂಡ ಬೆಕ್ಕು ಸುಮ್ಮನಿರುತ್ತದೆಯೇ ಎಂದು ಇನ್ನೊಬ್ಬ. ಆರು ದಿನ ನಡೆಯಿತು ಜಗಳ. ಒಬ್ಬರ ಶಾಲು ಒಬ್ಬರು ಎಳೆಯುವುದೊಂದು ಬಾಕಿ.

ದೊರೆಯ ಮನಸ್ಸು ಸಾಮುದ್ರಿಕದವನ ಕಡೆಗೇ ವಾಲಿತು. ಕಿವಿಯಾದರೆ ಕಣ್ಣಿಗೆ ಕಾಣುತ್ತದಲ್ಲ!

ಸಭೆ ಸೇರುವ ಹೊತ್ತಿಗೆ ಕೊಂಬು ಊದುವ ಕೆಲಸ ಚೌಡನ ಪಾಲಿಗೆ ಬಂದಿತ್ತು. ಊದಿ, ಕಂಬದ ಮರೆಯಲ್ಲಿ ನಿಂತು ಕೇಳುತ್ತಿದ್ದ. ರಕ್ತ ಎಂದಾಗ, ಸದ್ಯ, ರಕ್ತ ಎಂದು ಉಸಿರು ಬಿಡುತ್ತಿದ್ದ. ಅಪ್ಪನ ಹೊಡೆತ ಎಂದಾಗ ಅದನ್ನೂ ಒಪ್ಪುತ್ತಿದ್ದ. ಯಾರು ಏನು ಹೇಳಿದರೂ ಚೌಡನಿಗೆ ಸರಿಯೇ, ಕೊಂಬಿನ ಮಾತು ಬರದಿದ್ದರೆ ಸಾಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗಾಗ ತನ್ನ ತುಟಿ ಮುಟ್ಟಿಕೊಳ್ಳುತ್ತಿದ್ದ. ಆದರೆ ತಮ್ಮನ ತೋಳಿನಲ್ಲಿದ್ದ ಆ ಕೂಸು ಇವನ ಕೊಂಬನ್ನು ನೋಡಿ ನಗುತ್ತಿತ್ತು. ಅದು ನಕ್ಕಾಗಲೆಲ್ಲ ಚೌಡ ಕೊಂಬನ್ನು ಬೆನ್ನ ಹಿಂದೆ ಸರಿಸುತ್ತಿದ್ದ.

ಮನೆಗೆ ಬಂದರೆ ತುತ್ತು ಇಳಿಯದು. ಕೂತರೆ ಏಳಬೇಕು, ಎದ್ದರೆ ಕೂರಬೇಕು. "ಏನಾಗಿದೆ ನಿಮಗೆ? ಅಂಡು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಸುತ್ತುತ್ತೀರಿ. ಕೊಂದವನು ಅವನು, ನೀವಲ್ಲ," ಎಂದಳು ಹೆಂಡತಿ. ಅವಳ ಮಾತು ನಿಜ. ನಿಜವಾದ ಮಾತಿನಿಂದ ಅವನಿಗೆ ಸಮಾಧಾನ ಸಿಗಲಿಲ್ಲ.

ಆರನೆಯ ದಿನ ಸಭೆ ಮುಗಿದ ಮೇಲೆ ಚೌಡ ಒಂದು ಚೊಂಬು ನೀರು ಹಿಡಿದು ಸೆರೆಮನೆಗೆ ಹೋದ. ಅರವಟ್ಟಿಗೆಯವನು ನೀರು ಕುಡಿದು ಚೊಂಬು ಕೆಳಗಿಟ್ಟ.

"ಯಾಕಪ್ಪಾ ಹೀಗೆ ಮಾಡಿದೆ?" ಎಂದು ಚೌಡ ಕೇಳಿದ.

"ಮೊದಲನೆಯದು ಯಾಕೆ ಅಂತ ನನಗೇ ಗೊತ್ತಿಲ್ಲ. ಅವರು ಹೇಳುವುದೆಲ್ಲ ಇರಬಹುದು. ಅಪ್ಪ ಹೊಡೆದದ್ದು ನಿಜ, ಮರದಿಂದ ಬಿದ್ದದ್ದೂ ನಿಜ. ಒಬ್ಬ ಮುದುಕ ಕೂತು ನೀರು ಕುಡಿಯುತ್ತಿದ್ದ. ನನ್ನ ಕೈ ಎದ್ದಿತು. ಆಮೇಲೆ ಮೂರು ದಿನ ಅನ್ನ ಸೇರಲಿಲ್ಲ. ಊರು ದೊಣ್ಣೆ ಹಿಡಿದು ಬಂತು, ಈಗ ಬಂತು ಎಂದು ಕಾದೆ. ಯಾರೂ ಬರಲಿಲ್ಲ. ನಾಲ್ಕನೆಯ ದಿನ ಹಸಿವಾಯಿತು, ಉಂಡೆ. ಎರಡನೆಯ ಸಲ ಅದೇ ದಿನ ಉಂಡೆ. ಕೊಂಬು ಊದಿಸಿಕೊಂಡು ಬಂದವರನ್ನು ನಾನು ಮುಟ್ಟಿದವನಲ್ಲ, ಚೌಡಣ್ಣ. ಅವರಿಗೆ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದೆ."

"ಬಳೆಗಾರ?"

"ಅವನ ವಿಷಯದಲ್ಲಿ ತಪ್ಪಾಯಿತು. ಅವನು ಬರುವಾಗ ಕೊಂಬು ಕೇಳಿಸಲಿಲ್ಲ. ಇವನೂ ಯಾರಿಗೂ ಬೇಡದವನು ಎಂದುಕೊಂಡೆ. ನಿನ್ನ ಕೊಂಬು ಕೇಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು."

ಚೌಡ ಚೊಂಬನ್ನು ಅಲ್ಲೇ ಬಿಟ್ಟು ಬಂದ.

ಮಾರನೆಯ ಬೆಳಿಗ್ಗೆ ಸಭೆಯ ನಡುವೆ ಕೆಂಡ ಹಾಕಿ ಬರೆ ಹಾಕುವ ಕಬ್ಬಿಣ ಕಾಯಿಸಿದರು. ಚಾಪೆ ಹೆಣೆಯುವವನು ಕೂಸನ್ನು ಎದೆಗೆ ಅವುಚಿಕೊಂಡು ಮಂಡಿಯೂರಿದ್ದ. ಅವನು ಅಳುತ್ತಿರಲಿಲ್ಲ, ಕೂಸಿನ ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದ. ಕಬ್ಬಿಣ ಕೆಂಪಾಗಿತ್ತು. ಆಗ ಚೌಡ ಕಂಬದ ಮರೆಯಿಂದ ಹೊರಗೆ ಬಂದು ಕೊಂಬು ಊದಿದ. ಒಂದಲ್ಲ, ಎರಡಲ್ಲ, ಏಳು ಸಲ. ಕೊನೆಯದಕ್ಕೆ ದಮ್ಮು ಸಾಲದೆ ದನಿ ಒಡೆಯಿತು.

"ಇದೇನು ಹುಚ್ಚಾಟ?" ಎಂದು ದೊರೆ ಸಿಡುಕಿದ.

"ಈ ಏಳನ್ನು ಆವತ್ತೇ ಊದಬೇಕಾಗಿತ್ತು ಸ್ವಾಮಿ. ಏಳು ಜನ ಕಾಡು ಹೊಕ್ಕದ್ದನ್ನು ಕಣ್ಣಾರೆ ಕಂಡವನು ನಾನು. ಹೊರಗೆ ಬಂದರಾ ಎಂದು ಕೇಳಲಿಲ್ಲ. ಮೊದಲನೆಯವನಿಗೆ ಊದಿದ್ದರೆ ಇವನು ಆವತ್ತೇ ಸಿಗುತ್ತಿದ್ದ. ಎಂಟನೆಯವನು ಸತ್ತದ್ದೂ ನಾನು ತಡವಾಗಿ ಊದಿದ್ದರಿಂದ. ಬರೆ ಹಾಕಲೇಬೇಕು ಅಂದರೆ ಆ ಕೂಸಿಗೆ ಹಾಕಬೇಡಿ, ಈ ತುಟಿಗೆ ಹಾಕಿ."

"ಆ ಏಳು ಜನ ಯಾರು? ಹೆಸರು ಹೇಳು."

"ಗೊತ್ತಿಲ್ಲ ಸ್ವಾಮಿ. ನಾನು ಕೇಳಿರಲಿಲ್ಲ."

ದೊರೆ ಸಭೆಯ ಕಡೆ ತಿರುಗಿದ. ಊರಿಗೆ ಊರೇ ಅಲ್ಲಿತ್ತು. ಆ ಏಳು ಜನ ಆ ಊರಿನ ಬೀದಿಗಳಲ್ಲೇ ಬೇಡಿ ಉಂಡವರು. ಒಬ್ಬರ ಬಾಯಲ್ಲೂ ಒಂದು ಹೆಸರು ಬರಲಿಲ್ಲ. ದಿನಾ ತನ್ನ ಮನೆಯ ಹಿಂಬಾಗಿಲಲ್ಲಿ ಅಂಬಲಿ ಕುಡಿದು ಹೋಗುತ್ತಿದ್ದ ಹೆಂಗಸೊಬ್ಬಳು ಎಷ್ಟೋ ತಿಂಗಳಿಂದ ಕಂಡಿಲ್ಲ ಎಂಬುದು ದೊರೆಗೆ ಆಗ ಹೊಳೆಯಿತು. ಕೆಂಡಕ್ಕೆ ನೀರು ಹೊಯ್ಯಲು ಹೇಳಿ ಎದ್ದುಹೋದ. ಚಾಪೆ ಹೆಣೆಯುವವನು ಕೂಸನ್ನು ಎತ್ತಿಕೊಂಡು ಮನೆಗೆ ನಡೆದ.

ಅಂದಿನಿಂದ ಚೌಡ ರಾಗಿ ಕೊಟ್ಟವರಿಗೂ ಊದಿದ, ಕೊಡದವರಿಗೂ ಊದಿದ. ಹೊಕ್ಕವರ ಹೆಸರು ಕೇಳಿಕೊಂಡೇ ಬಿಡುತ್ತಿದ್ದ. ಒಮ್ಮೆ ನಾಯಿಯೊಂದು ಕಾಡು ಹೊಕ್ಕಾಗಲೂ ಊದಿದನೆಂದು ಜನ ನಗುತ್ತಿದ್ದರು. ನಗಲಿ.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧವೀರನ ಬೆರಳಿಗೆ ವಸ್ತ್ರದ ತುದಿ ಮತ್ತೆ ಸುತ್ತಿಕೊಂಡಿತ್ತು.

"ಹಾಗಾದರೆ ಕೊಂದವನದು ತಪ್ಪಲ್ಲವೇ, ಬುದ್ಧಿ?"

"ಯಾರಯ್ಯ ಹಾಗೆಂದವರು? ಅವನನ್ನು ಗಲ್ಲಿಗೆ ಹಾಕಿದರು. ಎಂಟು ಕೊಲೆಯೂ ಅವನದೇ. ಚೌಡ ತನ್ನದೆಂದು ಹೊತ್ತುಕೊಂಡದ್ದರಿಂದ ಅವನ ಹೊರೆ ಒಂದು ಕಾಳಿನಷ್ಟೂ ಇಳಿಯಲಿಲ್ಲ."

"ಆ ಮೊದಲನೆಯದು? ಅವನ ಕೈ ಮೊದಲ ಸಲ ಎದ್ದದ್ದು ಯಾತಕ್ಕೆ? ಅದನ್ನು ನೀವು ಹೇಳಲೇ ಇಲ್ಲ."

"ನನಗೆ ಗೊತ್ತಿಲ್ಲ. ಬಲ್ಲವರು ಇನ್ನೂ ಜಗಳವಾಡುತ್ತಿದ್ದಾರೆ, ಆಡಲಿ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೂರು ನಿಜ ಇದೆ."

"ಮತ್ತೆ ನನಗೆ ಗುರುತು ಹೇಗೆ ಸಿಗಬೇಕು?" ಸಿದ್ಧವೀರನ ದನಿ ಏರಿತು. "ನಾಳೆಯೂ ನಾನೇ ಬಡಿಸಬೇಕು. ಎಂಟು ದಿನದಿಂದ ಆ ಸಾಲಿನಲ್ಲಿ ಒಂದು ಮುಖವನ್ನೂ ಬಿಡದೆ ನೋಡುತ್ತಿದ್ದೇನೆ, ಬುದ್ಧಿ!"

ಗುರುಗಳು ಕೊಟ್ಟಿಗೆಯ ಕಡೆ ನೋಡಿದರು. ಹಸು ಬಾಳೆಎಲೆಯ ಕೊನೆಯ ತುಂಡನ್ನು ಮೆಲ್ಲುತ್ತಿತ್ತು.

"ಮೂರು ದಿನದಿಂದ ಹಸುವಿಗೆ ಹಾಕುತ್ತಿದ್ದೀಯಲ್ಲ, ಆ ಎಲೆಗೆ ಕೂರುತ್ತಿದ್ದವರು ಯಾರು?"