ಮಾತಾಡದ ಅಜ್ಜಿಯ ಗುಡ್ಡ

ಗ್ವಾಟೆಮಾಲಾ ದೇಶದ ಉತ್ತರದ ಕಾಡಿನಲ್ಲಿ, ಕಂದು ನೀರಿನ ಒಂದು ಹೊಳೆಯ ತಿರುವಿನಲ್ಲಿ ದೋಣಿ ಇಳಿದು ಅರ್ಧ ಗಂಟೆ ನಡೆದರೆ ಒಂದು ಗುಡ್ಡ ಎದುರಾಗುತ್ತದೆ. ದೂರಕ್ಕೆ ಗುಡ್ಡ, ಹತ್ತಿರ ಹೋದರೆ ಅದು ಮನುಷ್ಯರು ಕಟ್ಟಿದ್ದು ಎಂದು ತಿಳಿಯುತ್ತದೆ. ಸುಣ್ಣಕಲ್ಲಿನ ಕಡಿದಾದ ಮೆಟ್ಟಿಲುಗಳು, ಅವುಗಳ ಸಂದಿಗೆ ಬೇರು ಇಳಿಸಿದ ಮರಗಳು, ನೆತ್ತಿಯಲ್ಲಿ ಚಾವಣಿ ಕುಸಿದ ಒಂದು ಗುಡಿ. ಕೊಂಬೆಯ ಮೇಲಿನ ಮಂಗಗಳು ಬಂದವರನ್ನೆಲ್ಲ ಬೈದೇ ಒಳಗೆ ಬಿಡುತ್ತವೆ. ಸುತ್ತಲಿನ ಮಾಯಾ ಎಂಬ ಮೂಲನಿವಾಸಿ ಜನ ತಮ್ಮ ಭಾಷೆಯಲ್ಲಿ ಕರೆಯುವ ಹೆಸರನ್ನು ಕನ್ನಡಕ್ಕೆ ತಂದರೆ 'ಮಾತಾಡದ ಅಜ್ಜಿಯ ಗುಡ್ಡ' ಎಂದಾಗುತ್ತದೆ. ಹೆಸರು ಕೇಳಿದವರು ಅಜ್ಜಿಯ ವಿಗ್ರಹವನ್ನು ಹುಡುಕುತ್ತ ಗುಡ್ಡವನ್ನು ಎರಡು ಮೂರು ಸುತ್ತು ಹಾಕಿ ಬೆವರು ಒರೆಸಿಕೊಳ್ಳುತ್ತಾರೆ. ಅಂಥ ವಿಗ್ರಹ ಇಲ್ಲಿ ಎಂದೂ ಇರಲಿಲ್ಲ. ಹೆಸರಿನ ಮೂಲ ತಿಳಿಯಬೇಕಾದರೆ ಸಾವಿರದ ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕು, ಒಂದು ಕಲ್ಲಿನ ಗುಣವನ್ನೂ ಸ್ವಲ್ಪ ಅರಿತಿರಬೇಕು.

ಆ ಕಲ್ಲು ಜೇಡ್. ಹಸಿರಾಗಿದ್ದರೂ ಅದು ನಮ್ಮ ಪಚ್ಚೆಯಲ್ಲ. ಪಚ್ಚೆಯಂತೆ ಥಳಥಳಿಸುವುದಿಲ್ಲ, ಎಳೆ ಜೋಳದ ಗರಿಯ ಹಾಗೆ ತಣ್ಣಗೆ ಮಿನುಗುತ್ತದೆ. ಮಾಯಾ ಜನರಿಗೆ ಚಿನ್ನಕ್ಕಿಂತ ಅದೇ ಹೆಚ್ಚು. ಅದರಲ್ಲಿ ಉಸಿರಿದೆ ಎಂದು ಅವರು ನಂಬಿದ್ದರು. ಸಾಯುವವರ ಬಾಯಿಗೆ ನಾವು ತುಳಸಿ ನೀರು ಬಿಡುವಂತೆ ಅವರು ಸತ್ತವರ ಬಾಯಲ್ಲಿ ಒಂದು ಹಸಿರು ಮಣಿ ಇಡುತ್ತಿದ್ದರು; ಮುಂದಿನ ದಾರಿಗೆ ಆ ಉಸಿರು ಬೇಕಲ್ಲ. ಕಬ್ಬಿಣ ಕಾಣದ ಆ ಕಾಲದಲ್ಲಿ ಇಷ್ಟು ಗಟ್ಟಿ ಕಲ್ಲನ್ನು ನಾರಿನ ಹುರಿ, ಮರಳು, ನೀರು, ಇಷ್ಟರಿಂದಲೇ ಕೊಯ್ಯುತ್ತಿದ್ದರು. ಅಂಗೈಯಗಲದ ಒಂದು ಬಿಲ್ಲೆಗೆ ಒಂದು ಮಳೆಗಾಲದಿಂದ ಮುಂದಿನ ಮಳೆಗಾಲ ಹಿಡಿಯುತ್ತಿತ್ತು. ಆ ತಾಳ್ಮೆಯನ್ನು ನೆನೆದರೆ ಇಂದಿಗೂ ಕೈ ಮುಗಿಯಬೇಕು ಎನ್ನಿಸುತ್ತದೆ. ಒಳ್ಳೆಯ ಜೇಡ್‌ನ ಇನ್ನೊಂದು ಗುಣವೆಂದರೆ, ತಟ್ಟಿದರೆ ಅದು ಗಂಟೆಯಂತೆ ನುಡಿಯುತ್ತದೆ.

ಹಿಂದೆ ಒಮ್ಮೆ ಈ ಗುಡ್ಡದ ಸುತ್ತ ಒಂದು ರಾಜಧಾನಿ ಇತ್ತು ಎನ್ನುತ್ತಾರೆ. ಅಲ್ಲಿಯ ಅರಸರಿಗೆ ಕಿರೀಟಕ್ಕಿಂತ ಸೊಂಟಪಟ್ಟಿ ಮುಖ್ಯ. ನಮ್ಮ ಡಾಬಿನಂಥ ಆ ಪಟ್ಟಿಯಿಂದ ಮೂರು ಉದ್ದನೆಯ ಜೇಡ್ ಬಿಲ್ಲೆಗಳು ತೂಗುತ್ತಿದ್ದವು. ಅವುಗಳಿಗೆ 'ನಾಲಗೆ' ಎಂದೇ ಹೆಸರು, ಏಕೆಂದರೆ ಒಂದೊಂದೂ ಒಬ್ಬೊಬ್ಬ ಪೂರ್ವಿಕನದು. ಪಟ್ಟಕ್ಕೇರುವವರು ಗುಡಿಯ ಮೊದಲ ಮೂರು ಮೆಟ್ಟಿಲುಗಳಲ್ಲಿ ನಿಂತು ಒಂದೊಂದು ನಾಲಗೆಯನ್ನು ಕಡ್ಡಿಯಿಂದ ತಟ್ಟಬೇಕು. ಮೂವರೂ ನುಡಿದರೆ ಹಿರಿಯರು ಒಪ್ಪಿದರು ಎಂದರ್ಥ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಮ್ಮ ಗಾದೆ; ಆ ಅರಸರ ಸೊಂಟದಲ್ಲಿ ಮಾತ್ರ ಮೌನಕ್ಕೆ ಕವಡೆಯ ಬೆಲೆಯೂ ಇರಲಿಲ್ಲ.

ಅರಮನೆಯ ಕಲ್ಲುಕುಟಿಗ ತೋಕ್ ಎಂಬ ಮುದುಕ. ಅವನ ತಂದೆ, ತಾತ ಎಲ್ಲರೂ ಅದೇ ಪಟ್ಟಿಯನ್ನು ನೋಡಿಕೊಂಡು ಬಂದವರು. ಹಳೆಯ ಅರಸ ತೀರಿಕೊಂಡು, ಅವನ ಒಬ್ಬಳೇ ಮಗಳು ಸುನೂನ್ ಪಟ್ಟಕ್ಕೇರುವುದೆಂದು ನಿಶ್ಚಯವಾದಾಗ, ಪಟ್ಟಿಯನ್ನು ಅವಳ ಸಣ್ಣ ಸೊಂಟಕ್ಕೆ ಹೊಂದಿಸುವ ಕೆಲಸ ತೋಕ್‌ನ ಪಾಲಿಗೆ ಬಂತು. ಅದೇನೂ ದೊಡ್ಡದಲ್ಲ. ಆದರೆ ಅರಸನ ತಮ್ಮ ಹಿಶ್ ತುಂಬಿದ ಸಭೆಯಲ್ಲಿ ಎದ್ದು ನಿಂತ. ಅವನು ಕೆಟ್ಟವನಲ್ಲ, ಹಿರಿಯರೆಂದರೆ ಪ್ರಾಣ ಬಿಡುವವನು. "ಅಣ್ಣನ ಪಟ್ಟದ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಮೂರನೇ ದನಿ ನನ್ನ ಕಿವಿಗೆ ಬೀಳಲಿಲ್ಲ. ನಗಾರಿ, ಶಂಖದ ಗದ್ದಲ ಅಂತ ಸುಮ್ಮನಾದೆ. ಈ ಸಲ ಗದ್ದಲ ಬೇಡ. ಮೂವರೂ ಮಾತಾಡಲಿ, ಮೊದಲು ನಾನೇ ಅಡ್ಡಬೀಳ್ತೀನಿ. ಒಬ್ಬರು ಸುಮ್ಮನಿದ್ರೂ ಪಟ್ಟ ನನ್ನದು," ಎಂದ. ಮಾತು ನ್ಯಾಯವಾಗಿಯೇ ಇತ್ತು. ಸಭೆ ಒಪ್ಪಿತು, ಸುನೂನಳೂ ಒಪ್ಪಿದಳು.

ಮೂಲೆಯಲ್ಲಿ ನಿಂತಿದ್ದ ತೋಕ್ ಮೆಲ್ಲನೆ ಸಭೆಯಿಂದ ಹೊರಗೆ ಹೋದ. ಮೂರನೆಯ ನಾಲಗೆ ಜೇಡ್ ಅಲ್ಲ ಎಂಬುದು ಇಡೀ ರಾಜ್ಯದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅದು ಹೊಳೆದಡದಲ್ಲಿ ಸಿಗುವ ಮೆದು ಹಸಿರು ಕಲ್ಲು. ಕಣ್ಣಿಗೆ ವ್ಯತ್ಯಾಸ ತಿಳಿಯದು, ತಟ್ಟಿದರೆ ಹಸಿಮಣ್ಣಿನ ಹೆಂಟೆಯಂತೆ ದಡ್ ಎನ್ನುತ್ತದೆ. ಅದನ್ನು ಕೊರೆದವನು ಅವನ ತಂದೆಯೇ. ಸಾಯುವ ಮುನ್ನ ಮಗನ ಕಿವಿಯಲ್ಲಿ ಕಥೆಯನ್ನೆಲ್ಲ ಹೇಳಿ, ಯಾರಿಗೂ ಬಾಯಿಬಿಡಕೂಡದು ಎಂದು ಆಣೆ ಹಾಕಿಸಿಕೊಂಡಿದ್ದ. ಆ ಗುಟ್ಟು ತೋಕ್‌ಗೆ ಬಾಯಲ್ಲಿಟ್ಟ ಬಿಸಿತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಆಣೆ ಮುರಿಯುತ್ತದೆ. ಹೇಳದಿದ್ದರೆ ತನ್ನ ಕಣ್ಣೆದುರೇ ಬೆಳೆದ, ಚಿಕ್ಕಂದಿನಲ್ಲಿ ತನ್ನ ಮರಳಿನ ಗುಡ್ಡೆಯಲ್ಲಿ ಆಡಿದ ಹುಡುಗಿ ಎಲ್ಲರೆದುರು ಹಿರಿಯರಿಗೆ ಬೇಡವಾದವಳು ಎನ್ನಿಸಿಕೊಳ್ಳುತ್ತಾಳೆ. ಹೊಸ ಜೇಡ್ ಕೊಯ್ಯೋಣವೆಂದರೆ ಪಟ್ಟಕ್ಕೆ ಉಳಿದದ್ದು ಒಂಬತ್ತೇ ದಿನ.

ಅವನ ಬಳಿ ಜೇಡ್ ಇರಲಿಲ್ಲವೆಂದಲ್ಲ. ಅರಮನೆಯ ಚೂರುಗಳನ್ನು ಮುಟ್ಟದೆ, ತನ್ನದೇ ಗಳಿಕೆಯಲ್ಲಿ ಕೊಂಡು, ಬಿಡುವಾದಾಗಲೆಲ್ಲ ತಿಕ್ಕಿ ತಿಕ್ಕಿ ನುಣುಪು ಮಾಡಿದ ಒಂದೇ ಒಂದು ಮಣಿ, ತನ್ನ ಸಾವಿಗೆಂದು ಕಾದಿರಿಸಿದ್ದು. ತೋಕ್ ಅದನ್ನು ಕೈಯಲ್ಲಿ ಹಿಡಿದುಕೊಂಡು ಎರಡು ದಿನ ಕೂತ. ಮೂರನೆಯ ದಿನ ಅದಕ್ಕೆ ತೂತು ಕೊರೆಯಲು ಶುರುಮಾಡಿದ. ಮೂಕ ಕಲ್ಲಿನ ಹಿಂದೆ ಆ ಮಣಿಯನ್ನು ಸಣ್ಣ ಹುರಿಯಲ್ಲಿ ತೂಗುಬಿಟ್ಟ. ಕಲ್ಲನ್ನು ತಟ್ಟಿದರೆ ಮಣಿ ಹೋಗಿ ಪಕ್ಕದ ಎರಡನೆಯ ನಾಲಗೆಗೆ ತಾಗಿ ಠಣ್ ಎನ್ನಬೇಕು. ಕೇಳಿದವರಿಗೆ ಮೂರನೆಯದೇ ನುಡಿದಂತೆ ತೋರಬೇಕು. ಕಸುಬಿನಲ್ಲಿ ಕಲಿತ ಜಾಣತನವನ್ನೆಲ್ಲ ಒಂದು ಸುಳ್ಳಿಗೆ ಸುರಿಯುತ್ತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಬರಿಯ ಬಾಯಲ್ಲಿ ಸಾಯುವುದಕ್ಕೆ ಭಯವೂ ಆಯಿತು. ಆದರೂ ಕೆಲಸ ಮುಗಿಸಿದ.

ಪಟ್ಟದ ಬೆಳಿಗ್ಗೆ ಅವನೇ ಸುನೂನಳಿಗೆ ಪಟ್ಟಿ ಕಟ್ಟಿದ. ಅವಳು ಮೂರು ನಾಲಗೆಗಳನ್ನೂ ಒಮ್ಮೆ ತಟ್ಟಿ ನೋಡಿದಳು. ಮೂರೂ ನುಡಿದವು. ಅವಳು ಮತ್ತೆ ಮೂರನೆಯದನ್ನು ತಟ್ಟಿದಳು, ತಲೆ ಓರೆಮಾಡಿ ಕೇಳಿದಳು, ಕೈಯನ್ನು ಹಿಂದೆ ತೂರಿಸಿ ಮಣಿಯನ್ನು ಹಿಡಿದಳು.

"ತಾತ, ಇದು ನಿನ್ನ ಮಣಿ ಅಲ್ವಾ? ಚಿಕ್ಕವಳಿದ್ದಾಗ ಮುಟ್ಟಿದ್ರೆ ಬೈತಿದ್ದೆ."

ತೋಕ್ ತಲೆ ತಗ್ಗಿಸಿದ. "ಹೌದು ತಾಯಿ."

"ಇಲ್ಲಿ ಯಾಕಿದೆ?"

ಮುದುಕ ನೆಲದ ಮೇಲೆ ಕೂತ. ಆಣೆ ಅಲ್ಲೇ ಮುರಿಯಿತು, ಅವನು ಎಲ್ಲವನ್ನೂ ಹೇಳಿದ. ಐವತ್ತು ವರ್ಷದ ಹಿಂದೆ ಮಿಡತೆಯ ಹಿಂಡು ಬಂದು ಮುಸುಕಿನ ಜೋಳದ ಒಂದು ಗರಿಯನ್ನೂ ಉಳಿಸದೆ ತಿಂದದ್ದು. ಜನ ಮರದ ತೊಗಟೆ ಬೇಯಿಸಿ ತಿಂದದ್ದು. ಆಗ ರಾಣಿಯಾಗಿದ್ದ ಸುನೂನಳ ಅಜ್ಜಿ ಇಶ್ ಮುತ್ ಒಂದು ನಾಲಗೆಯನ್ನು ಬಿಚ್ಚಿ, ಹೊಳೆಯ ಕೆಳಗಣ ರಾಜ್ಯಕ್ಕೆ ಗುಟ್ಟಾಗಿ ಕಳಿಸಿದ್ದು. ಅದಕ್ಕೆ ಬದಲಾಗಿ ದೋಣಿಗಟ್ಟಲೆ ಜೋಳ ಬಂದದ್ದು. ಅರಸರ ನಾಲಗೆ ಹೋಯಿತೆಂದು ತಿಳಿದರೆ ಶತ್ರುಗಳು ಏರಿ ಬಂದಾರೆಂದು ತೋಕ್‌ನ ತಂದೆಯಿಂದ ಮೂಕ ಕಲ್ಲನ್ನು ಕೊರೆಸಿ ಕಟ್ಟಿಕೊಂಡವಳೂ ಅವಳೇ. ದೋಣಿಗಳು ಎಲ್ಲಿಂದ ಬಂದವೆಂದು ಜನ ಕೇಳಿದರೆ ದೇವರ ದಯೆ ಎಂದಳಂತೆ.

ಸುನೂನ್ ಹುರಿಯನ್ನು ಹಲ್ಲಿನಿಂದ ಕಡಿದು ಮಣಿಯನ್ನು ಮುದುಕನ ಅಂಗೈಯಲ್ಲಿಟ್ಟಳು. "ನಿನ್ನ ಉಸಿರನ್ನ ಸೊಂಟಕ್ಕೆ ಕಟ್ಕೊಂಡು ನಾನು ರಾಣಿ ಆಗಲಾ ತಾತ? ಆಣೆ ನಿನ್ನದು, ನನ್ನದಲ್ಲ. ನಾನು ಹೇಳ್ತೀನಿ," ಎಂದಳು. ಪಟ್ಟ ಕೈಬಿಟ್ಟು ಹೋಗಬಹುದು ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಪಟ್ಟಿಯನ್ನು ಸರಿಪಡಿಸಿಕೊಂಡು ಅಂಗಳಕ್ಕೆ ಹೊರಟಳು.

ಅಂಗಳದ ತುಂಬ ಜನ. ನಗಾರಿಯಿಲ್ಲ, ಶಂಖವಿಲ್ಲ. ಸುನೂನ್ ಮೊದಲ ಮೆಟ್ಟಿಲೇರಿ ತಟ್ಟಿದಳು, ಠಣ್ ಎಂದಿತು. ಎರಡನೆಯ ಮೆಟ್ಟಿಲಲ್ಲೂ ಠಣ್ ಎಂದಿತು. ಮೂರನೆಯದರಲ್ಲಿ ತಟ್ಟಿದಳು. ದಡ್. ಹಿಂದಿನ ಸಾಲಿನವರಿಗೆ ಅದೂ ಕೇಳಿಸಲಿಲ್ಲ. ಹಿಶ್ ಎದ್ದು ನಿಂತ. ಅವನ ಮುಖದಲ್ಲಿ ಗೆಲುವಿರಲಿಲ್ಲ, ಅಂಜಿಕೆ ಇತ್ತು. "ಹಿರಿಯರು ಒಲ್ಲೆ ಅಂದ್ರು," ಎಂದ.

"ಹಿರಿಯರಲ್ಲ ಚಿಕ್ಕಪ್ಪ, ಇದು ನನ್ನ ಅಜ್ಜಿ. ನಿಮ್ಮವ್ವ," ಎಂದಳು ಸುನೂನ್. ಮಿಡತೆಯ ವರ್ಷದ ಕಥೆಯನ್ನು ಹೆಚ್ಚಿಸದೆ ತಗ್ಗಿಸದೆ ಹೇಳಿದಳು. ಕೊನೆಗೆ, "ನಿಮ್ಮ ಹೊಟ್ಟೆಗೆ ಹಾಕೋಕೆ ಅಂತ ಮೂಕಿ ಆದವಳು ಇವಳು. ಮಾತಾಡೋ ಕಲ್ಲು ತಂದು ಇವಳನ್ನ ಕಿತ್ತುಹಾಕು ಅನ್ನೋದಾದ್ರೆ ಹೇಳಿ. ನಾನು ಇಳಿದು ಹೋಗ್ತೀನಿ," ಎಂದಳು.

ಮುಂದಿನ ಸಾಲಿನಿಂದ ಬೆನ್ನು ಬಾಗಿದ, ಮೀನುಗಾರರ ಕೇರಿಯ ಒಬ್ಬ ಮುದುಕಿ ಎದ್ದು ಬಂದಳು. ಮೂರನೆಯ ಮೆಟ್ಟಿಲ ಬಳಿ ಕುಕ್ಕರಿಸಿ, "ಆ ಜೋಳ ತಿಂದವಳು ನಾನು, ತಾಯಿ. ಆಗ ನನ್ನ ತೊಡೆ ಮೇಲೆ ಕೂಸಿತ್ತು. ಅದೂ ಉಳೀತು," ಎಂದು ಅಂಗೈಯಿಂದ ಮೆಟ್ಟಿಲನ್ನು ಒಮ್ಮೆ ತಟ್ಟಿದಳು. ಅವಳ ಹಿಂದೆ ಇನ್ನೊಬ್ಬ ಮುದುಕ ಬಂದ, ಅವನ ಹಿಂದೆ ಅವನ ಮಗ. ಮುಂದೆ ಬರಲಾಗದವರು ತಾವಿದ್ದಲ್ಲೇ ಬಾಗಿ ನೆಲ ತಟ್ಟತೊಡಗಿದರು. ಸುನೂನ್ ಕೆಳಗಿಳಿದು ಮತ್ತೆ ಮೊದಲಿಂದ ಏರಿದಳು. ಠಣ್. ಠಣ್. ಮೂರನೆಯದಕ್ಕೆ ಅವಳು ಕಡ್ಡಿ ಎತ್ತುತ್ತಿದ್ದಂತೆ ಇಡೀ ಅಂಗಳದ ಅಂಗೈಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಆ ಸದ್ದಿಗೆ ಮರದ ಹಕ್ಕಿಗಳೆಲ್ಲ ಎದ್ದು ಹೋದವು ಎನ್ನುತ್ತಾರೆ.

ಹಿಶ್ ಒಬ್ಬನೇ ನಿಂತೇ ಇದ್ದ. ಬದಿಯಲ್ಲಿದ್ದ ತೋಕ್‌ನತ್ತ ತಿರುಗಿ ಮೆಲ್ಲಗೆ ಕೇಳಿದ: "ಅವ್ವ ನನಗ್ಯಾಕೆ ಹೇಳಲಿಲ್ಲ?"

"ಆಗ ನೀವು ಎರಡು ವರ್ಷದ ಕೂಸು, ದೊರೆ. ನಾನೂ ಹುಡುಗ, ದಡದಲ್ಲಿ ನಿಂತು ನೋಡಿದ್ದೀನಿ. ಮೊದಲ ದೋಣಿಯ ಜೋಳದಲ್ಲಿ ಗಂಜಿ ಕಾಸಿ ನಿಮ್ಮವ್ವ ಮೊದಲು ಕುಡಿಸಿದ್ದು ನಿಮಗೆ."

ಹಿಶ್ ಮೆಟ್ಟಿಲ ಬಳಿಗೆ ನಡೆದು ಹೋದ. ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಜೋರಾಗಿ ತಟ್ಟಿದ. ತಟ್ಟಿದ ಕೈಯನ್ನು ಅವನು ಬಹಳ ಹೊತ್ತು ಅಲ್ಲಿಂದ ಎತ್ತಲಿಲ್ಲ.

ಸುನೂನ್ ನಲವತ್ತು ವರ್ಷ ಆಳಿದಳಂತೆ. ಹೊಸ ಜೇಡ್ ಬೇಕಾದಷ್ಟು ಬಂದರೂ ಮೂರನೆಯ ನಾಲಗೆಯನ್ನು ಅವಳು ಬದಲಿಸಲಿಲ್ಲ, ಅವಳ ನಂತರ ಬಂದವರೂ ಬದಲಿಸಲಿಲ್ಲ. ತೋಕ್ ತನ್ನ ಕಾಲ ಬಂದಾಗ ತನ್ನ ಮಣಿಯನ್ನು ಬಾಯಲ್ಲಿಟ್ಟುಕೊಂಡೇ ಹೋದ. ಆಮೇಲೆ ಅರಸರೂ ಹೋದರು, ಊರೂ ಹೋಯಿತು, ಕಾಡು ಬಂತು. ಇಂದು ಗುಡ್ಡಕ್ಕೆ ಹೋದವರು ಕೆಳಗಿನಿಂದ ಮೂರನೆಯ ಮೆಟ್ಟಿಲ ಮೇಲೆ ಮೊರದಷ್ಟು ಅಗಲದ ಒಂದು ತಗ್ಗನ್ನು ಕಾಣುತ್ತಾರೆ. ಮಳೆನೀರು ಕೊರೆದದ್ದೆಂದು ತಿಳಿದವರು ಹೇಳುತ್ತಾರೆ, ಇರಬಹುದು. ಆದರೆ ಸುಗ್ಗಿ ಮುಗಿದ ಮೇಲೆ ಸುತ್ತಲಿನ ಹೆಂಗಸರು ಕಂಕುಳ ಕೂಸುಗಳೊಂದಿಗೆ ಅಲ್ಲಿಗೆ ಬರುತ್ತಾರೆ. ಏನನ್ನೂ ಬೇಡುವುದಿಲ್ಲ, ಒಂದು ಮಂತ್ರವನ್ನೂ ಹೇಳುವುದಿಲ್ಲ. ಮಗುವಿನ ಪುಟ್ಟ ಅಂಗೈಯನ್ನು ಹಿಡಿದು ಆ ತಗ್ಗಿನಲ್ಲಿ ಒಮ್ಮೆ ತಟ್ಟಿಸಿ, ಮನೆಗೆ ಹೋಗಿ ಉಣ್ಣಿಸುತ್ತಾರೆ.